ತಾಹೇರ ಸರ್ ಎಲ್ಲಿ ನಿಲ್ಲುತ್ತಾರೆ

ಯಲಬುರ್ಗಾದಿಂದ ಸಂಜೆ ಊರಿಗೆ ಮರಳುವ ಬಸ್ಸಿನಲ್ಲಿ ತಾಹೇರ ಬಹಳ ವರ್ಷ ಒಂದು ವಿಚಿತ್ರ ವ್ಯವಹಾರ ನಡೆಸಿದ್ದ. ಅವನು ಇಳಿಯಬೇಕಾದದ್ದು ಬೇವೂರಿನಲ್ಲಿ. ಟಿಕೆಟ್ ತೆಗೆಸುತ್ತಿದ್ದದ್ದು ಅದರ ಮುಂದಿನ ಊರಿಗೆ. ಹುಟ್ಟಿ ಬೆಳೆದ ಊರಿನ ಹೆಸರಿನ ಮೊದಲ ಅಕ್ಷರ ಅವನ ತುಟಿಯ ಹಿಂದೆ ಬಂದು ನಿಂತುಬಿಡುತ್ತಿತ್ತು. ಕಣ್ಣು ಮುಚ್ಚಿ, ಕತ್ತು ಬಿಗಿದು, ಆ 'ಬೇ'ಯನ್ನು ಅವನು ತಳ್ಳುತ್ತ ಕೂತಿದ್ದರೆ ಕಂಡಕ್ಟರ್ ಪುಣ್ಯಾತ್ಮ ಅಷ್ಟರಲ್ಲಿ ಹಿಂದಿನ ಸೀಟುಗಳನ್ನೆಲ್ಲ ಮುಗಿಸಿ ಬಂದಿರುತ್ತಿದ್ದ. ಮುಂದಿನ ಊರಿನ ಹೆಸರು ಬಾಯಿಗೆ ಸಲೀಸು. ಆದ್ದರಿಂದ ಅದರ ಟಿಕೆಟ್ ಹಿಡಿದು ಬೇವೂರಲ್ಲಿ ಇಳಿದು ಮನೆಗೆ ಹೋಗುತ್ತಿದ್ದ. ಒಮ್ಮೆ ಹೊಸ ಕಂಡಕ್ಟರ್ ಒಬ್ಬ, "ಸರ, ನಿಮ್ಮೂರು ಇನ್ನೂ ಬಂದಿಲ್ರಿ, ಕೂಡ್ರಿ ಕೂಡ್ರಿ," ಎಂದು ಕೈಹಿಡಿದು ಕೂರಿಸಿಬಿಟ್ಟ. ಅವನ ಪ್ರೀತಿಗೆ ಇಲ್ಲ ಎನ್ನಲು ಮಾತು ಹೊರಡದೆ ತಾಹೇರ ಮುಂದಿನ ಊರಿನವರೆಗೂ ಹೋಗಿ, ಅಲ್ಲಿಂದ ಹೊಲದ ದಾರಿ ಹಿಡಿದು ನಡೆದುಕೊಂಡು ಬಂದ.

ಇಂಥ ಮನುಷ್ಯ ಯಲಬುರ್ಗಾದ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಅದೂ ಇಂಗ್ಲಿಷ್. ಅದರಲ್ಲೂ ವಿಕ್ಟೋರಿಯಾ ರಾಣಿಯ ಕಾಲದ ಕವಿತೆಗಳು, ಅವುಗಳ ಛಂದಸ್ಸು, ಯಾವ ಸಾಲಿನಲ್ಲಿ ಒತ್ತು ಎಲ್ಲಿ ಬೀಳುತ್ತದೆ ಎಂಬ ಸೂಕ್ಷ್ಮ. ದೇವರಿಗೂ ಒಮ್ಮೊಮ್ಮೆ ತಮಾಷೆಯ ಚಪಲ ಇರುತ್ತದೆ ಎಂದು ಕಾಣುತ್ತದೆ.

ಉಗ್ಗು ಅವನಿಗೆ ಎಳೆವಯಸ್ಸಿನಿಂದ ಇತ್ತು. ಅಣ್ಣ ರಾಜಾಸಾಬ ಆಗಿನಿಂದಲೂ ತಮ್ಮನ ಬಾಯಿ ಆಗಿದ್ದ. ತಾಹೇರ ಒಂದು ಮಾತಿನ ಬಾಗಿಲಲ್ಲಿ ನಿಂತರೆ ಸಾಕು, ರಾಜಾಸಾಬ ಓಡಿ ಬಂದು ಆ ಮಾತನ್ನು ಆಡಿ ಮುಗಿಸುತ್ತಿದ್ದ. ಏಳನೆಯ ತರಗತಿಯಲ್ಲಿ ರಾಜಾಸಾಬ ಫೇಲಾಗಿ ತಮ್ಮನ ತರಗತಿಗೇ ಬಂದು ಕೂತ ಮೇಲಂತೂ ಇಬ್ಬರ ಹಾಜರಿಯನ್ನೂ ಅವನೇ ಕೂಗುತ್ತಿದ್ದ. ಮುಂದೆ ಅವನು ಓದು ಬಿಟ್ಟು ಬೇವೂರಿನಲ್ಲೇ ವೆಲ್ಡಿಂಗ್ ಅಂಗಡಿ ಇಟ್ಟ. ಬಿಟ್ಟುಹೋದ ಕಬ್ಬಿಣವನ್ನು ಕೂಡಿಸುವುದು, ಬಿಟ್ಟುಹೋದ ಮಾತನ್ನು ಕೂಡಿಸುವುದು, ಎರಡನ್ನೂ ಒಂದೇ ಉತ್ಸಾಹದಿಂದ ಮಾಡುತ್ತಿದ್ದ. ಅದರಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಅದಕ್ಕೇ ತಾಹೇರನಿಗೆ ಸಿಟ್ಟು ಮಾಡಿಕೊಳ್ಳಲೂ ಆಗುತ್ತಿರಲಿಲ್ಲ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಚಿಕ್ಕಪ್ಪನ ಮಗ ಶಾಹೀದನ ನಿಕಾಹಕ್ಕೆ ಹೋದಾಗ ತಾಹೇರನ ಎದೆಯಲ್ಲಿ ಒಂದು ಭಯ ಹೊಕ್ಕಿತು. ತುಂಬಿದ ಮಂಟಪ. ಖಾಜಿ ಸಾಹೇಬರು ಕೇಳುತ್ತಾರೆ, ಮದುಮಗ ಎಲ್ಲರಿಗೂ ಕೇಳುವಂತೆ 'ಕುಬೂಲ್' ಎನ್ನಬೇಕು, ಒಪ್ಪಿದೆ ಎಂದು. ಒಂದು ಸಲವಲ್ಲ, ಮೂರು ಸಲ. ಶಾಹೀದ ಎಲೆಯಡಿಕೆ ಅಂಗಡಿಯಲ್ಲಿ ಸುಣ್ಣ ಕೇಳಿದಷ್ಟು ಸಲೀಸಾಗಿ ಅಂದುಬಿಟ್ಟ. ನನ್ನಿಂದ ಇದು ಆಗುವುದಿಲ್ಲ, ಅಂದುಕೊಂಡ ತಾಹೇರ. ಆ ದಿನದಿಂದ ಬಂದ ಸಂಬಂಧಗಳಿಗೆಲ್ಲ ಏನಾದರೊಂದು ನೆಪ ಹುಡುಕಿದ. ನೌಕರಿ ಪರ್ಮನೆಂಟ್ ಆಗಲಿ, ಮನೆಗೆ ಸ್ಲ್ಯಾಬ್ ಬೀಳಲಿ, ಹುಡುಗಿ ಎತ್ತರ, ಹುಡುಗಿ ಗಿಡ್ಡ. ತಾಯಿ ಖಾಜಾಬೀ ನಮಾಜಿನ ಚಾಪೆಯ ಮೇಲೆ ಕೂತು ಮಗನ ಲಗ್ನಕ್ಕಾಗಿ ಬೇಡಿಕೊಳ್ಳುತ್ತಿದ್ದಳು. ಅವಳ ಮಗ ಹೆದರಿದ್ದು ಹೆಂಡತಿಗಲ್ಲ, ಒಂದು ಶಬ್ದಕ್ಕೆ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ.

ಇಂಗ್ಲಿಷ್ ಕವಿತೆಯ ಗಂಟು ಅವನಿಗೆ ಬಿದ್ದದ್ದು ಎಂ.ಎ. ಓದುವಾಗ. ಪ್ರಾಧ್ಯಾಪಕರು ಸರದಿಯ ಮೇಲೆ ಓದಿಸುತ್ತಿದ್ದರು. ತಾಹೇರನ ಪಾಳಿ ಬಂದಾಗ ತರಗತಿಯೆಲ್ಲ ನಗಲು ತಯಾರಾಗಿ ಕೂತಿತ್ತು. ಅವನು ಎದ್ದು ನಿಂತು ಓದಿದ. ಒಂದು ಪದ್ಯ, ಎರಡು ಪದ್ಯ, ಪುಟದ ಕೊನೆಯವರೆಗೆ. ಎಲ್ಲೂ ನಿಲ್ಲಲಿಲ್ಲ. ನಗಲು ತಯಾರಾದವರು ತಯಾರಾಗಿಯೇ ಉಳಿದರು. ಅವನು, ಇದು ಹೇಗಾಯಿತು ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡ.

ಉತ್ತರ ಸಿಕ್ಕಿತು. ಆ ಕವಿತೆಯ ಸಾಲುಗಳೆಲ್ಲ ಹಗುರ ಉಚ್ಚಾರದಿಂದ ಶುರುವಾಗಿ ಅದರ ಮುಂದಿನದರ ಮೇಲೆ ಭಾರ ಬೀಳುವಂಥವು. 'ಅಲೋನ್' ಅನ್ನುವಾಗ 'ಅ' ಹಗುರ, 'ಲೋನ್' ಭಾರ. 'ಅಗೇನ್', 'ಬಿಹೈಂಡ್' ಕೂಡ ಹಾಗೇ. ಇದಕ್ಕೆ ಪುಸ್ತಕದವರು ಅಯಾಂಬಿಕ್ ಅನ್ನುತ್ತಾರೆ. 'ವಿಂಟರ್', 'ರಿವರ್', 'ವಿಂಡೋ' ಇವು ತಿರುಗುಮುರುಗು. ಭಾರ ಮೊದಲು, ಹಗುರ ಆಮೇಲೆ. ಇದು ಟ್ರೋಕೇಯಿಕ್. ತಾಹೇರ ಮುಂದೆ ತನ್ನ ವಿದ್ಯಾರ್ಥಿಗಳಿಗಾಗಿ ಇವಕ್ಕೆ ಏರುಗಣ, ಇಳಿಗಣ ಎಂದು ಹೆಸರಿಟ್ಟುಕೊಂಡ. ಭಾರ ಬಾಗಿಲಲ್ಲೇ ಎದುರಾದರೆ ಅವನ ಗಂಟಲು ಮುಚ್ಚಿಕೊಳ್ಳುತ್ತಿತ್ತು. ಅದಕ್ಕಿಂತ ಮುಂಚೆ ಒಂದು ಹಗುರ ಹೆಜ್ಜೆ ಇದ್ದರೆ, ಅದರ ಓಟದಲ್ಲಿ ಭಾರವೂ ದಾಟಿಹೋಗುತ್ತಿತ್ತು. ನಮ್ಮ ಕನ್ನಡದ ಮಾತೆಲ್ಲ ಮೊದಲ ಅಕ್ಷರಕ್ಕೇ ಮೈಭಾರ ಹಾಕುತ್ತದೆ, ಅದಕ್ಕೇ ನಾನು ಮನೆಮಾತಿನಲ್ಲೇ ಪರದೇಶಿ ಎಂದು ಅವನಿಗೆ ಅನ್ನಿಸಿತು. ಇದು ಶಾಸ್ತ್ರಕ್ಕೆ ಎಷ್ಟು ಒಪ್ಪುತ್ತದೋ ಗೊತ್ತಿಲ್ಲ, ಅವನ ಗಂಟಲಿಗಂತೂ ಒಪ್ಪಿತು.

ನೌಕರಿ ಸೇರಿ ವರ್ಷಗಳಾದ ಮೇಲೆ ಒಮ್ಮೆ ಅವನು ಬಸ್ಸಿನಲ್ಲಿ ಬೇರೆಯವರು ಟಿಕೆಟ್ ಕೇಳುವ ರೀತಿಗೆ ಕಿವಿಗೊಟ್ಟ. ಯಾರೂ ಬರೀ 'ಬೇವೂರು' ಅನ್ನುವುದಿಲ್ಲ. "ಒಂದ್ ಬೇವೂರ ಕೊಡ್ರಿ," ಅನ್ನುತ್ತಾರೆ. ಆ 'ಒಂದ್' ಎಂಬುದೇ ಹಗುರ ಹೆಜ್ಜೆ! ಮರುದಿನ ಕಂಡಕ್ಟರ್ ಎದುರು ನಿಂತಾಗ ತಾಹೇರ, "ಒಂದ್ ಬೇವೂರ," ಎಂದ. ಟಿಕೆಟ್ ಕೈಗೆ ಬಂತು. ಸ್ವಂತ ಊರಿಗೆ ಟಿಕೆಟ್ ಸಿಕ್ಕ ಸಂತೋಷಕ್ಕೆ ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡ.

ರಾಣಿ ವಿಕ್ಟೋರಿಯಾ ಲಂಡನ್ನಿನಲ್ಲಿ ಆಳುತ್ತಿದ್ದಾಗ ನಮ್ಮ ಈ ಸೀಮೆ ನಿಜಾಮನ ಕೈಯಲ್ಲಿತ್ತು. ಅವಳ ಕಾಲದ ಯಾವನೋ ಕವಿ ಕುದುರೆಗಾಡಿಯಲ್ಲಿ ಹೋಗುತ್ತ ಬೆರಳೆಣಿಸಿ ಕಟ್ಟಿದ ಸಾಲು ಬೇವೂರಿನ ಒಬ್ಬನ ಗಂಟಲು ತೆಗೆದದ್ದು ಆ ಕವಿಗೂ ಗೊತ್ತಿಲ್ಲ, ನಿಜಾಮನಿಗೂ ಗೊತ್ತಿಲ್ಲ.

ತರಗತಿಯಲ್ಲಿ ತಾಹೇರ ಸರ್ ಪಾಠ ಒಳ್ಳೆಯದೇ ಇತ್ತು. ಹುಡುಗರು ಕನ್ನಡದ ಲಘು-ಗುರು ಕಲಿತು ಬಂದವರು. ಇಂಗ್ಲಿಷ್ ಸಾಲು ಬರೆದರೆ ಸಾಕು, ದೀರ್ಘ ಕಂಡಲ್ಲೆಲ್ಲ ಗುರು ಹಾಕಿ ಕೂರುತ್ತಿದ್ದರು. "ಉದ್ದ ಅಲ್ಲ, ಒತ್ತು ನೋಡ್ರಿ. ಅಂಗೈಯನ್ನ ಗದ್ದದ ಕೆಳಗ ಹಿಡೀರಿ, ಯಾವಾಗ ಜೋರು ಬಡೀತೈತಿ ನೋಡ್ರಿ," ಎಂದು ಅವನು ಕಲಿಸುತ್ತಿದ್ದ. ಇಡೀ ತರಗತಿ ಗದ್ದದ ಕೆಳಗೆ ಕೈಯಿಟ್ಟುಕೊಂಡು 'ಅಗೇನ್, ಅಗೇನ್' ಎನ್ನುತ್ತ ಕೂತದ್ದನ್ನು ಕಿಟಕಿಯಿಂದ ಕಂಡವರು ಇವರಿಗೆಲ್ಲ ಒಟ್ಟಿಗೇ ಹಲ್ಲುನೋವು ಬಂತೇ ಎಂದುಕೊಳ್ಳಬೇಕು. ಇಳಿಗಣದ ಕವಿತೆ ಬಂದಾಗ ಮಾತ್ರ ಅವನು ಪುಸ್ತಕವನ್ನು ಯಾರಾದರೂ ವಿದ್ಯಾರ್ಥಿಯ ಕೈಗೆ ಕೊಟ್ಟು, "ನೀನು ಓದು," ಎನ್ನುತ್ತಿದ್ದ. ಆದರೂ ಉದಾಹರಣೆಯ ಸಾಲೊಂದನ್ನು ತಾನೇ ಹೇಳಬೇಕಾಗಿ ಬಂದಾಗ ಬಾಗಿಲಲ್ಲಿ ನಿಲ್ಲುವುದು ತಪ್ಪುತ್ತಿರಲಿಲ್ಲ. ಹುಡುಗರು ನಗುತ್ತಿರಲಿಲ್ಲ. ಸುಮ್ಮನೆ ತಲೆ ತಗ್ಗಿಸಿ ಏನೋ ಬರೆದುಕೊಳ್ಳುತ್ತಿದ್ದರು. ಒಳ್ಳೆಯ ಹುಡುಗರು, ಎಂದುಕೊಳ್ಳುತ್ತಿದ್ದ.

ನಲವತ್ತು ಹತ್ತಿರ ಬಂದಾಗ ತಾಹೇರನ ನೆಪಗಳೆಲ್ಲ ತೀರಿದವು. ನೌಕರಿ ಗಟ್ಟಿಯಾಯಿತು, ಮನೆಗೆ ಸ್ಲ್ಯಾಬ್ ಬಿತ್ತು. ಖಾಜಾಬೀ ಗಂಗಾವತಿಯ ಒಂದು ಸಂಬಂಧ ಹಿಡಿದು ತಂದಳು. ಗುಲ್ಶನ ಅಂತ ಹೆಸರು, ಔಷಧಿ ಅಂಗಡಿಯಲ್ಲಿ ಕೆಲಸ, ಮೂವತ್ತು ದಾಟಿದವಳು. "ನೋಡಿ ಬಾ, ಒಲ್ಲೆ ಅನ್ನಾಕ ಆಮ್ಯಾಲೆ ಇದ್ದs ಐತಿ," ಎಂದು ತಾಯಿ ಮಗನನ್ನು ಬಸ್ ಹತ್ತಿಸಿದಳು. ರಾಜಾಸಾಬ ಜೊತೆಗೇ ಬಂದ.

ಗುಲ್ಶನಳ ಮನೆಯಲ್ಲಿ ಅವಲಕ್ಕಿ, ಚಹಾ ಆಯಿತು. ರಾಜಾಸಾಬ ಯಾವುದೋ ಫೋನ್ ಬಂದು ಹೊರಗೆ ಹೋದಾಗ ತಾಹೇರ ಒಂದು ಪ್ರಶ್ನೆ ಕೇಳಲು ಹೊರಟ. ಮೊದಲ ಅಕ್ಷರದಲ್ಲೇ ನಿಂತ. ಇಂಥ ಹೊತ್ತಿನಲ್ಲಿ ಜನ ಎರಡು ಬಗೆ. ಕೆಲವರು ನೆಲ ನೋಡುತ್ತಾರೆ, ಉಳಿದವರು ಮಾತು ತುಂಬಿಕೊಡುತ್ತಾರೆ. ಗುಲ್ಶನ ಎರಡನ್ನೂ ಮಾಡಲಿಲ್ಲ. ಕೈಯಲ್ಲಿ ಚಹಾದ ಬಶಿ ಹಿಡಿದು, ಅವನ ಮುಖ ನೋಡುತ್ತ, ಆರಾಮವಾಗಿ ಕಾದಳು. ಪ್ರಶ್ನೆ ಕೊನೆಗೂ ಹೊರಬಂತು. "ಬೇವೂರಿನಂಥ ಊರಾಗ ಇರಾಕ ನಿಮಗ ಬ್ಯಾಸರ ಆಗಂಗಿಲ್ಲೇನು?"

"ಊರು ಯಾವುದಾದ್ರೂ ನಡೀತೈತ್ರಿ," ಎಂದಳು ಅವಳು.

ತಾಹೇರ ತಡೆಯಲಾರದೆ ಇನ್ನೊಂದು ಕೇಳಿದ. "ನನ್ನ ಮಾತು ನೀವ್ಯಾಕ ತುಂಬಿಕೊಡಲಿಲ್ಲ?"

ಗುಲ್ಶನಳಿಗೆ ನಗು ಬಂತು. "ಡಾಕ್ಟರು ಬರದ ಚೀಟಿ ಓದೋದು ನನ್ನ ಕೆಲಸ್ರಿ. ಅಂದಾಜಿನ ಮ್ಯಾಲ ಗುಳಿಗಿ ಕೊಟ್ರ ಮನಷ್ಯಾ ಉಳಿಯಂಗಿಲ್ಲ. ತಿಳೀದಿದ್ರ ಕೇಳ್ತೀನಿ, ಇಲ್ಲಾ ಕಾಯ್ತೀನಿ. ನೀವು ಏನು ಹೇಳಾವ್ರಿದ್ರಿ ಅಂತ ನನಗ ಹೆಂಗ ಗೊತ್ತಾಗಬೇಕು?"

ಊರಿಗೆ ಮರಳುವ ಬಸ್ಸಿನಲ್ಲಿ ರಾಜಾಸಾಬ, "ಹೆಂಗಪಾ?" ಎಂದ. ತಾಹೇರ, "ಆಗ್ಲಿ," ಎಂದ. ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಬಸ್ಸು ಇನ್ನೂ ಭತ್ತದ ಗದ್ದೆಗಳ ಸೀಮೆ ದಾಟಿರಲಿಲ್ಲ, ಅಷ್ಟರಲ್ಲೇ ಹಳೆಯ ಭಯ ಬಂದು ಪಕ್ಕದಲ್ಲಿ ಕೂತಿತು. ಆಗಲಿ ಎಂದು ಅಣ್ಣನಿಗೆ ಅಂದರೆ ಆಗಲಿಲ್ಲ. ಮಂಟಪದಲ್ಲಿ ಅನ್ನಬೇಕು. ಮೂರು ಸಲ.

ದಿನ ಗೊತ್ತಾಯಿತು, ಕಾರ್ಡು ಹಂಚಿದ್ದೂ ಆಯಿತು. ತಾಹೇರನಿಗೆ ಊಟ ಸೇರದಾಯಿತು. ಮದುವೆಯ ಸಂಭ್ರಮಕ್ಕೆ ಹೀಗಾಗುತ್ತದೆ ಎಂದು ಸ್ಟಾಫ್ ರೂಮಿನವರು ಚುಡಾಯಿಸಿದರು. ಆ ಶಬ್ದವನ್ನು ಮನಸ್ಸಿನಲ್ಲಿ ಅಂದುಕೊಳ್ಳಲೂ ಅವನಿಗೆ ಧೈರ್ಯವಿರಲಿಲ್ಲ. ಹಾವಿನ ಹೆಸರು ಎತ್ತದವರ ಹಾಗೆ ಅದನ್ನು ಅವನು 'ಅದು' ಎಂದೇ ನೆನೆಯುತ್ತಿದ್ದ.

ಅಂಥ ದಿನಗಳಲ್ಲೇ ಒಂದು ಮಧ್ಯಾಹ್ನ ತರಗತಿಯಲ್ಲಿ ಬೋರ್ಡಿನ ಮೇಲೆ ಹೊಸ ಸಾಲೊಂದನ್ನು ಬರೆದ. ಮನಸ್ಸು ಎಲ್ಲೋ ಇತ್ತು. ಇಳಿಗಣದ ಸಾಲು ಎಂಬುದನ್ನೂ ಗಮನಿಸದೆ ತಾನೇ ಓದಲು ಹೊರಟ. ಮೊದಲ ಅಕ್ಷರಕ್ಕೇ ಗಂಟಲು ಹಿಡಿಯಿತು. ಓದಿ ಮುಗಿಸುವ ಮೊದಲೇ ಮುಂದಿನ ಬೆಂಚಿನ ಐಶ್ವರ್ಯ ಕೈಯೆತ್ತಿದಳು. "ಇಳಿಗಣ, ಸರ್."

"ಇಷ್ಟು ಲಗೂನ? ಹೆಂಗ ಹೇಳಿದಿ?"

ತರಗತಿಯಲ್ಲಿ ಗುಸುಗುಸು. ಐಶ್ವರ್ಯ ಮೆಣಸಿನಕಾಯಿ ವ್ಯಾಪಾರಿಯ ಮಗಳು, ಸುಳ್ಳು ಹೇಳಿ ಗೊತ್ತಿಲ್ಲದವಳು. "ನೀವು ನಿಂತ್ರಿ, ಸರ್," ಎಂದಳು.

"ಅಂದ್ರ?"

"ನೀವು ಶುರುವಿಗೇ ನಿಂತ್ರ ಇಳಿಗಣ, ನಿಲ್ಲದs ಹೋದ್ರ ಏರುಗಣ. ಪರೀಕ್ಷಾದಾಗ ಹೊಸಾ ಸಾಲು ಬಂದ್ರ, ಇದನ್ನ ತಾಹೇರ ಸರ್ ಓದಿದ್ರ ಎಲ್ಲಿ ನಿಲ್ತಿದ್ರು ಅಂತ ನೆನಸ್ಕೋತೀವ್ರಿ. ಸೀನಿಯರ್ಸ್ ಹೇಳಿಕೊಟ್ಟಾರ್ರಿ. ತಪ್ಪೂದೇ ಇಲ್ರಿ, ಸರ್."

ಕೊನೆಯ ಮಾತನ್ನು ಅವಳು ಹೆಮ್ಮೆಯಿಂದಲೇ ಅಂದಳು. ತಾಹೇರ ಸೀಮೆಸುಣ್ಣ ಕೆಳಗಿಟ್ಟ. ಇಷ್ಟು ವರ್ಷ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದದ್ದು ಇದನ್ನೇ. ತಾನು ಮುಚ್ಚಿಟ್ಟುಕೊಂಡ ಗಾಯವನ್ನು ಅವರು ಅಳತೆಗೋಲು ಮಾಡಿಕೊಂಡಿದ್ದರು, ಬ್ಯಾಚಿನಿಂದ ಬ್ಯಾಚಿಗೆ ದಾಟಿಸಿದ್ದರು. ಗಂಟೆ ಹೊಡೆಯುವ ಮೊದಲೇ ಅವನು ತರಗತಿ ಬಿಟ್ಟು ಹೊರಟುಹೋದ.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದಾಗ ಐಶ್ವರ್ಯ ಹುಡುಕಿಕೊಂಡು ಬಂದಳು. ಮುಖ ಇಷ್ಟು ಸಣ್ಣದಾಗಿತ್ತು.

"ತಪ್ಪಾತ್ರಿ, ಸರ್. ನಾವು ಚ್ಯಾಷ್ಟಿ ಮಾಡಾಕ ಮಾಡಿದ್ದಲ್ರಿ. ನೀವು ನಿಂತ್ರ ನಾವೂ ಉಸಿರು ಹಿಡ್ಕೊಂಡs ಕುಂತಿರ್ತೀವ್ರಿ, ಖರೇ."

ತಾಹೇರನಿಗೆ ಒಳಗಿನಿಂದ ಕುದಿಯುತ್ತಿತ್ತು. ಎರಡು ಮಾತು ಬೈದು ಕಳಿಸಬೇಕು ಅಂದುಕೊಂಡ. ಬಾಯಿಂದ ಬಂದದ್ದೇ ಬೇರೆ. "ಯಾವತ್ತೂ ತಪ್ಪಿಲ್ಲೇನು?"

"ಇಲ್ರಿ, ಸರ್."

"ಹೋಗು, ಕತ್ತಲಾಗೂದ್ರೊಳಗ ಮನಿ ಸೇರು. ಲಗ್ನಕ್ಕ ಬರ್ರಿ ಎಲ್ಲಾರೂ."

ಬಸ್ಸು ಕರಿಮಣ್ಣಿನ ಹೊಲಗಳ ನಡುವೆ ಹೊರಟಿತು. ಕಡಲೆ ಕಿತ್ತು ಖಾಲಿಯಾದ ಹೊಲಗಳು. ತಾಹೇರ ಇನ್ನೂ ಐಶ್ವರ್ಯಳ ಮಾತನ್ನೇ ಮೆಲುಕು ಹಾಕುತ್ತಿದ್ದ. ತಪ್ಪುವುದೇ ಇಲ್ಲವಂತೆ. ಗದ್ದದ ಕೆಳಗಿನ ಕೈ ತಪ್ಪುತ್ತದೆ, ನಿಘಂಟಿನಲ್ಲಿ ಒತ್ತು ತೋರಿಸುವ ಗೆರೆ ಮರೆತುಹೋಗುತ್ತದೆ, ತಾಹೇರ ಸರ್ ಗಂಟಲು ಮಾತ್ರ ತಪ್ಪುವುದಿಲ್ಲ. ಅವಮಾನವೇ ಸರಿ. ಆದರೆ ಅವಮಾನದ ಅಡಿಯಲ್ಲಿ ಇನ್ನೇನೋ ಇತ್ತು, ಅದು ಅವನನ್ನು ಸುಮ್ಮನೆ ಬಿಡಲಿಲ್ಲ. ಈ ಗಂಟಲು ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಒಂದು ಲೆಕ್ಕ ಇದೆ, ಅದು ಸುಮ್ಮಸುಮ್ಮನೆ ನಿಲ್ಲುವುದಿಲ್ಲ ಎಂದಾದರೆ, 'ಅದರ' ಲೆಕ್ಕ ಏನು? ಇಷ್ಟು ವರ್ಷ ಸಾವಿರ ಸಾಲು ಬಿಡಿಸಿದವನು ಬಾಳಿನಲ್ಲಿ ಅತಿ ಹೆಚ್ಚು ಹೆದರಿದ ಆ ಒಂದು ಶಬ್ದವನ್ನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ.

ಅಂಗೈಯನ್ನು ಗದ್ದದ ಕೆಳಗೆ ಹಿಡಿದ. 'ಕು' ಹಗುರ. 'ಬೂಲ್' ಭಾರ.

ಏರುಗಣ!

"ಕುಬೂಲ್," ಎಂದ, ಮೆಲ್ಲಗೆ. ಬಂತು. ಇನ್ನೊಮ್ಮೆ ಅಂದ. ಬಂತು. ಪಕ್ಕದಲ್ಲಿ ಕೂತಿದ್ದ ಮಾರೆವ್ವ ಎಂಬ ಮುದುಕಿ ತಿರುಗಿ ನೋಡಿ, "ಏನಂದ್ರೀ?" ಎಂದಳು. "ಏನಿಲ್ಲಬೇ, ನನ್ನ ಲಗ್ನ ಐತಿ," ಎಂದ ತಾಹೇರ, ಎಲ್ಲೂ ನಿಲ್ಲದೆ. "ಛಲೋ ಆತು," ಎಂದು ಅವಳು ಮಡಿಲಿನ ಸಂತೆಚೀಲದಿಂದ ಒಂದು ಪೇರಲಹಣ್ಣು ತೆಗೆದುಕೊಟ್ಟಳು.

ಆದರೆ ಮನೆಯಲ್ಲಿ ಇನ್ನೊಂದು ಏರ್ಪಾಡು ನಡೆದಿತ್ತು. ರಾಜಾಸಾಬ ಗಂಗಾವತಿಗೆ ಹೋಗಿ ಖಾಜಿ ಸಾಹೇಬರನ್ನು ಕಂಡುಬಂದಿದ್ದ.

"ಎಲ್ಲಾ ಮಾತಾಡಿ ಬಂದೀನಿ. ನೀ ಏನೂ ಅನ್ನೂದು ಬ್ಯಾಡ. ಖಾಜಿ ಸಾಹೇಬ್ರು ಕೇಳ್ತಾರ, ನೀ ಗೋಣು ಹಾಕು, ಸಹಿ ಮಾಡು. ಯಾರರೆ ಕೇಳಿದ್ರ ನಾ ಪಕ್ಕದಾಗs ಕುಂತಿರ್ತೀನಿ, ನಾ ಅಂತೀನಿ."

"ಬ್ಯಾಡ, ಭಾಯಿ. ಆ ಮಾತು ನಂದು."

"ನಂದು ನಿಂದು ಎಲ್ಲೀದೋ? ಸಣ್ಣವರಿದ್ದಾಗಿಂದ ನಿನ್ನ ಮಾತು ನಾನs ಆಡೀನಿ."

"ಹೌದು. ಅದಕ್ಕs ನನಗ ಬರವಲ್ದು."

ಅಂದ ಮೇಲೆ ಅನ್ನಬಾರದಿತ್ತು ಎನಿಸಿತು. ಅದು ನಿಜವೂ ಅಲ್ಲ. ಉಗ್ಗು ಅಣ್ಣ ಕೊಟ್ಟದ್ದಲ್ಲ. ರಾಜಾಸಾಬ ಎದ್ದು ಹೋಗಿ ಅಂಗಡಿಯಲ್ಲಿ ಕೂತ. ತಾಹೇರ ಹಿಂದೆಯೇ ಹೋದ. ಅರ್ಧ ಬೆಸೆದ ಗೇಟಿನ ಪಕ್ಕ ಅವನೂ ಕೂತ. ರಾಜಾಸಾಬ, "ನೀ ನಿಂತಾಗ ನನಗ ಉಸಿರು ಕಟ್ಟತೈತಲೇ. ಅದಕ್ಕ ಆಡಿಬಿಡ್ತೀನಿ," ಎಂದ.

"ಗೊತ್ತೈತಿ. ಇದೊಂದ್ಸಲ ತಡಕೋ."

ನಿಕಾಹದ ದಿನ ಗಂಗಾವತಿಯ ಶಾದಿಮಹಲ್ ಕಿಕ್ಕಿರಿದಿತ್ತು. ಪರದೆಯ ಆಚೆ ಹೆಂಗಸರು, ಈಚೆ ಗಂಡಸರು. ಐಶ್ವರ್ಯ ಮತ್ತು ಅವಳ ತರಗತಿಯ ಏಳೆಂಟು ಜನ ಎತ್ತ ಕೂಡಬೇಕೆಂದು ತಿಳಿಯದೆ ಈಚೆಯ ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು. ಗುಲ್ಶನಳ ಒಪ್ಪಿಗೆಯನ್ನು ನಿಕಾಹದಲ್ಲಿ ಅವಳ ಪರ ನಿಲ್ಲುವ ವಕೀಲರೂ ಸಾಕ್ಷಿಗಳೂ ಮೊದಲೇ ಒಳಗೆ ಹೋಗಿ ಕೇಳಿ ಬಂದಿದ್ದರು. ಇನ್ನು ಉಳಿದದ್ದು ಅವನೊಬ್ಬನೇ. ಮುಖದ ಮೇಲೆ ಇಳಿಬಿದ್ದ ಮಲ್ಲಿಗೆಯ ಸೆಹರಾ, ಎಡಕ್ಕೆ ರಾಜಾಸಾಬ, ಎದುರಿಗೆ ಖಾಜಿ ಸಾಹೇಬರು.

ಖಾಜಿ ಸಾಹೇಬರು ಇಬ್ಬರ ಹೆಸರೂ ಮದುಮಗಳಿಗೆ ಕೊಡುವ ಮೆಹರಿನ ಮೊತ್ತವೂ ಹೇಳಿ ಕೇಳಿದರು. "ಕುಬೂಲ್ ಹೈ?"

"ಕುಬೂಲ್," ಎಂದ ತಾಹೇರ.

ಬಂದೇಬಿಟ್ಟಿತು. ಎರಡು ದಶಕದ ಭಯ ಅಷ್ಟರಲ್ಲಿ ಮುಗಿಯಿತು. ಎದೆ ಹಗುರಾಯಿತು. ಅಷ್ಟರಲ್ಲಿ ಆಚೆ ಮೂಲೆಯಲ್ಲಿ ಕೂತಿದ್ದ ಸಾಕ್ಷಿಯೊಬ್ಬರು ಕಿವಿಗೆ ಕೈಹಚ್ಚಿ, ಕೇಳಿಸಲಿಲ್ಲ ಎಂದರು. ಖಾಜಿ ಸಾಹೇಬರು ನಕ್ಕು, ಪೂರ್ತಿ ಮಾತು ಹೇಳು ಬೇಟಾ, ಜೋರಾಗಿ ಹೇಳು, "ಮೈನೇ ಕುಬೂಲ್ ಕಿಯಾ," ಅನ್ನು ಎಂದರು.

'ಮೈ.' ಬಾಗಿಲಲ್ಲೇ ಭಾರ.

ತಾಹೇರ ಬಾಯಿ ತೆರೆದ. ತುಟಿಗಳು ಕೂಡಿಕೊಂಡವು, ಬಿಡಲಿಲ್ಲ. ಮಂಟಪ ಕಾಯಿತು. ಸೆಹರಾದ ಹೂವುಗಳು ಅವನ ಉಸಿರಿಗೆ ಅಲುಗುತ್ತಿದ್ದವು. ಪಕ್ಕದಲ್ಲಿ ರಾಜಾಸಾಬನ ಗಂಟಲಿನಲ್ಲಿ ಆ ಮಾತು ತಯಾರಾಗಿ ನಿಂತದ್ದು ಅವನಿಗೆ ಗೊತ್ತಾಯಿತು. ಕೈಚಾಚಿ ಅಣ್ಣನ ಮೊಣಕಾಲು ಒತ್ತಿ ಹಿಡಿದ. ರಾಜಾಸಾಬ ಹಲ್ಲು ಕಚ್ಚಿ ಕೂತ.

ಖಾಜಿ ಸಾಹೇಬರಿಗೆ ಅಯ್ಯೋ ಅನಿಸಿರಬೇಕು. ಬಗ್ಗಿ, ಗೋಣು ಹಾಕಿದರೂ ಸಾಕು ಬೇಟಾ, ಎಂದರು.

ಬೇಡ, ಗೋಣು ಹಾಕುವುದಿಲ್ಲ, ನಾನೇ ಹೇಳುತ್ತೇನೆ ಎಂಬುದನ್ನು ಹೇಳಲು ತಾಹೇರನ ಬಳಿ ಆಗ ಇದ್ದದ್ದು ತಲೆಯೊಂದೇ. ಅದನ್ನೇ ಅಡ್ಡಡ್ಡ ಆಡಿಸಿದ.

ಮಂಟಪದಲ್ಲಿ ಹಾಹಾಕಾರ ಎದ್ದಿತು. ಮದುಮಗ ಒಲ್ಲೆ ಅಂದ! ಗುಲ್ಶನಳ ಸೋದರಮಾವ ಎದ್ದು ನಿಂತು, "ಏನ್ರೀ ಇದು, ಹಂಗಂದ್ರೇನು?" ಎಂದು ಕೂಗಿದ. ಯಾರೋ ರಾಜಾಸಾಬನ ತೋಳು ಹಿಡಿದು ಎಳೆದರು. ಪರದೆಯ ಆಚೆ ಖಾಜಾಬೀ "ಯಾ ಅಲ್ಲಾ" ಎಂದದ್ದು ಕೇಳಿಸಿತು. ಈಗ ಮಾತು ಇನ್ನೂ ದೂರ ಓಡಿತ್ತು.

ಆಗ ಪರದೆಯ ಹಿಂದಿನಿಂದ ಒಂದು ದನಿ ಬಂತು. ಮದುಮಗಳು ಅಂಥ ಹೊತ್ತಿನಲ್ಲಿ ಮಾತಾಡುವ ಪದ್ಧತಿ ಎಲ್ಲೂ ಇಲ್ಲ. ಔಷಧಿ ಅಂಗಡಿಯಲ್ಲಿ ಮುನ್ನುಗ್ಗುವ ಗಿರಾಕಿಗಳನ್ನು ಸಾಲಾಗಿ ನಿಲ್ಲಿಸುವ ಆ ದನಿಗೆ ಪದ್ಧತಿಯ ಪರಿವೆ ಇರಲಿಲ್ಲ.

"ಅವರು ಹೇಳ್ತಾರ. ಎಲ್ಲಾರೂ ಸುಮ್ನ ಕೂಡ್ರಿ."

ಸೋದರಮಾವ ಕೂತ. ಎಲ್ಲರೂ ಕೂತರು.

ಕವಿತೆಯಲ್ಲಿ ಏರುಗಣದ ಸಾಲುಗಳ ನಡುವೆ ಒಮ್ಮೊಮ್ಮೆ ಒಂದು ಸಾಲು ಭಾರದಿಂದಲೇ ಶುರುವಾಗುತ್ತದೆ. ಕವಿ ಬೇಕೆಂದೇ ಮೊದಲ ಗಣವನ್ನು ಮಗುಚಿ ಹಾಕಿರುತ್ತಾನೆ. ಅದಕ್ಕೆ ಸಾಲು ಮುರಿದುಹೋಗುವುದಿಲ್ಲ, ಕೇಳುವವರ ಕಿವಿ ಒಂದು ಗಳಿಗೆ ಕಾದು ಮತ್ತೆ ಲಯ ಹಿಡಿಯುತ್ತದೆ. ಇದನ್ನು ತಾಹೇರ ವರ್ಷವರ್ಷವೂ ಪಾಠ ಹೇಳಿದ್ದ. ತನಗೆ ತಾನು ಒಮ್ಮೆಯೂ ಹೇಳಿಕೊಂಡಿರಲಿಲ್ಲ. ಈಗ ಅವನು ತಳ್ಳುವುದನ್ನು ಬಿಟ್ಟ. ತಪ್ಪಿಸಿಕೊಳ್ಳಲು ಹಗುರ ಹೆಜ್ಜೆಯೊಂದನ್ನು ಹುಡುಕುವುದನ್ನೂ ಬಿಟ್ಟ. ತುಟಿ ಕೂಡಿದ್ದರೆ ಕೂಡಿರಲಿ ಎಂದು ಸುಮ್ಮನೆ ಅಲ್ಲೇ ನಿಂತ.

ಮಂಟಪವೆಲ್ಲ ನಿಶ್ಶಬ್ದವಾಗಿತ್ತು. ಆ ನಿಶ್ಶಬ್ದದಲ್ಲಿ ಗೋಡೆಯ ಕಡೆಯಿಂದ ಐಶ್ವರ್ಯ ಪಕ್ಕದವಳ ಕಿವಿಯಲ್ಲಿ ಅಂದ ಮಾತು ಎಲ್ಲರಿಗೂ ಕೇಳಿಸಿತು.

"ಇಳಿಗಣ."

ಯಾರಿಗೂ ಅರ್ಥವಾಗಲಿಲ್ಲ. ತಾಹೇರನಿಗೆ ಮಾತ್ರ ಆಯಿತು. ಅಂದು ತರಗತಿಯಲ್ಲಿ ಎದೆ ಸುಟ್ಟ ಮಾತೇ ಅದು. ಇಂದು ಸೆಹರಾದ ಹೂವಿನ ಹಿಂದೆ ಅವನಿಗೆ ನಗು ಬಂತು. ನಗುವಿಗೆ ತುಟಿಗಳು ಬಿಟ್ಟವು.

"ಮೈನೇ ಕುಬೂಲ್ ಕಿಯಾ."

ಆಚೆ ಮೂಲೆಯ ಸಾಕ್ಷಿ ಕೇಳಿಸಿತು ಎಂದು ಕೈಯೆತ್ತಿದರು. ರಾಜಾಸಾಬ ಸಭೆಯ ಪರಿವೆಯಿಲ್ಲದೆ ಟವೆಲಿನಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದ.

ಖಾಜಿ ಸಾಹೇಬರು ಮೂರನೆಯ ಸಲ ಕೇಳಿದರು. ತಾಹೇರ ಮತ್ತೆ ನಿಂತ, ಮೊದಲಿಗಿಂತ ಹೆಚ್ಚೇ ಹೊತ್ತು ನಿಂತ. ಇಡೀ ಮಂಟಪ ಉಸಿರು ಹಿಡಿದುಕೊಂಡು ಅವನ ಜೊತೆ ನಿಂತಿತು. ಒಬ್ಬರೂ ಅವನ ಮಾತನ್ನು ತುಂಬಿಕೊಡಲಿಲ್ಲ.